ಗೌರವ ಮತ್ತು ಗೌರವಧನ

ಬಿ.ಆರ್. ಪಂತುಲು ಅವರು ನಿರ್ದೇಶಿಸಿ, ತಾವೇ ಮೇಷ್ಟ್ರಾಗಿ ನಟಿಸಿದ ‘ಸ್ಕೂಲ್ ಮಾಸ್ಟರ್’ ಚಿತ್ರ ತೆರೆ ಕಂಡದ್ದು 1958ರಲ್ಲಿ. ಊರ ಮಕ್ಕಳಿಗಾಗಿ ಬದುಕು ಸವೆಸಿದ ಆ ಮೇಷ್ಟ್ರು ಮುಪ್ಪಿನಲ್ಲಿ ಹೆತ್ತ ಮಕ್ಕಳಿಗೇ ಹೊರೆಯಾಗುತ್ತಾರೆ. ಕೊನೆಗೆ ಅವರ ಕೈ ಹಿಡಿಯುವವನು ಹಳೆಯ ಶಿಷ್ಯ. ಪ್ರೇಕ್ಷಕರು ಕಣ್ಣೊರೆಸಿಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಆದರೆ ಆ ಶಿಷ್ಯ ಬಾರದೇ ಹೋಗಿದ್ದರೆ?

ಈ ಪ್ರಶ್ನೆ ಸಿನಿಮಾದೊಂದಿಗೆ ಮುಗಿಯುವುದಿಲ್ಲ. ಇಂದು ನಮ್ಮ ಹಳ್ಳಿಗಳಲ್ಲಿ ಎಳೆಯ ಮಕ್ಕಳ ಮೊದಲ ಗುರು ಅಂಗನವಾಡಿ ಕಾರ್ಯಕರ್ತೆ. ಆಲೂರು ತಾಲೂಕಿನ ಕುಂದೂರಿನಂತಹ ಮಲೆನಾಡ ಸೆರಗಿನ ಊರುಗಳಲ್ಲಿ ತಂದೆತಾಯಿ ಗದ್ದೆ, ತೋಟದ ಕೆಲಸಕ್ಕೆ ಹೋದಾಗ ಮಕ್ಕಳಿಗೆ ಹಾಡು ಕಲಿಸಿ, ಊಟ ಬಡಿಸಿ, ತೂಕ ನೋಡಿ ಬರೆದಿಡುವವರು ಅವರೇ. ಆದರೂ ಅವರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಮಾಡುವುದು ‘ಸೇವೆ’ ಎಂದು ಹೊಗಳಿದ ಮೇಲೆ ಕೂಲಿಯ ಮಾತೆತ್ತಲು ಅವರಿಗೇ ಸಂಕೋಚವಾಗಬೇಕು!

ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕಾರ್ಯಕರ್ತೆಯರೂ ಸಹಾಯಕಿಯರೂ 1972ರ ಕಾಯ್ದೆಯಂತೆ ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2022ರ ಏಪ್ರಿಲ್‌ನಲ್ಲಿ. ನಡುವೆ ನಲವತ್ತಾರು ವರ್ಷಗಳು ಕಳೆದಿದ್ದವು. ಅಷ್ಟರಲ್ಲಿ ಎಷ್ಟೋ ಮಂದಿ ಬರಿಗೈಯಲ್ಲೇ ನಿವೃತ್ತರಾಗಿದ್ದರು.

ಶಿಷ್ಯನ ಕೃತಜ್ಞತೆ ದೊಡ್ಡ ಗುಣವೇ. ಆದರೆ ಅದು ಅವನ ಮನಸ್ಸಿಗೆ ಬಿಟ್ಟದ್ದು. ದುಡಿದವರ ಮುಪ್ಪು ಯಾರದೋ ಒಳ್ಳೆಯತನವನ್ನು ಕಾಯುತ್ತಾ ಕೂರುವಂತಾದರೆ ಅದು ಸಮಾಜ ಉಳಿಸಿಕೊಂಡ ಸಾಲ. ಮಕ್ಕಳನ್ನು ಪ್ರೀತಿಸುವವರನ್ನು ಗೌರವಿಸುತ್ತೇವೆ ಎನ್ನುವ ನಾವು ಮೊದಲು ಆ ಸಾಲ ತೀರಿಸೋಣ.