ಕಾಯ ಉಳಿಯಿತು, ಕಾಯಕ ಉಳಿಯಬೇಡವೆ?



ದೇಹವು ಪರಮಾತ್ಮನು ನೆಲೆಸುವ ಮನೆಯೆಂದು ನಾವು ನಿತ್ಯವೂ ಹೇಳುತ್ತೇವೆ. ಮನೆಗೆ ಬಿದ್ದ ಬೆಂಕಿ ಆರಿದ ಮೇಲೆ ಯಾರೂ ಬಾಗಿಲಿಗೆ ಬೀಗವಿಕ್ಕಿ ಹೊರಗೆ ಕೂಡುವುದಿಲ್ಲ. ಬೂದಿಯನ್ನು ಗುಡಿಸಿ, ನೆಲ ಸಾರಿಸಿ, ಮತ್ತೆ ದೀಪ ಹಚ್ಚುತ್ತಾರೆ. ಆದರೆ ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಬಂದ ತಾಯಿಯ ವಿಷಯದಲ್ಲಿ ನಾವು ಬೀಗವಿಕ್ಕುವವರಾಗುತ್ತೇವೆ. “ಅವ್ವಾ, ನೀನು ಏಳಬೇಡ, ಕೊಡ ಮುಟ್ಟಬೇಡ, ಸುಮ್ಮನೆ ಕೂಡು” ಎನ್ನುತ್ತೇವೆ. ಈ ಮಾತು ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಪ್ರೀತಿಯ ಬೆನ್ನಿಗೆ ಭಯವೂ ಒಳಹೊಕ್ಕಿದೆ.

ಆ ಭಯ ಅಕಾರಣವಾದುದಲ್ಲ. ಶಸ್ತ್ರಕ್ರಿಯೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ, ಇಲ್ಲವೆ ಆ ಭಾಗಕ್ಕೆ ವಿಕಿರಣ ಚಿಕಿತ್ಸೆ ನಡೆದಾಗ, ದುಗ್ಧರಸ ಹರಿಯುವ ದಾರಿ ಕಿರಿದಾಗಿ ಕೆಲವರಿಗೆ ತೋಳು ಬಾತುಕೊಳ್ಳುವುದುಂಟು. ಆದಕಾರಣ ಆ ತೋಳಿನಿಂದ ಭಾರವೆತ್ತಲಾಗದೆಂದು ವೈದ್ಯರೇ ಬಹುಕಾಲ ಹೇಳುತ್ತಿದ್ದರು.

ಈ ನಂಬಿಕೆಯನ್ನು ಒರೆಗೆ ಹಚ್ಚಿದವರಲ್ಲಿ ಕೆನಡಾ ದೇಶದ ವ್ಯಾಂಕೂವರಿನ ವೈದ್ಯ ಡಾನ್ ಮೆಕೆಂಜಿ ಒಬ್ಬರು. 1996ರಲ್ಲಿ ಅವರು ಈ ಚಿಕಿತ್ಸೆಯನ್ನು ದಾಟಿ ಬಂದ 24 ಮಂದಿ ಸ್ತ್ರೀಯರ ಮೈಯನ್ನು ಮೊದಲು ವ್ಯಾಯಾಮದಿಂದ ಹದಗೊಳಿಸಿ, ಬಳಿಕ ಉದ್ದನೆಯ ಡ್ರ್ಯಾಗನ್ ದೋಣಿಯಲ್ಲಿ ಕೂಡಿಸಿ ಹುಟ್ಟು ಹಾಕಿಸಿದರು. ತೋಳಿಗೆ ಅದು ಕಠಿಣವಾದ ದುಡಿಮೆ. ಆದರೂ ಅವರಲ್ಲಿ ಒಬ್ಬರಿಗೂ ಹೊಸದಾಗಿ ಬಾವು ಬರಲಿಲ್ಲ. ಮುಂದೆ ಅಮೆರಿಕದಲ್ಲಿ ಕ್ಯಾಥ್ರಿನ್ ಷ್ಮಿಟ್ಸ್ ಎಂಬ ವಿದುಷಿ, ತೋಳು ಆಗಲೇ ಬಾತಿದ್ದ 141 ಮಂದಿಯಲ್ಲಿ ಅರ್ಧದಷ್ಟು ಜನರಿಂದ ವಾರಕ್ಕೆ 2 ಸಲ, ಬಿಗಿ ತೋಳುಚೀಲ ತೊಡಿಸಿ, ಕ್ರಮವಾಗಿ ತೂಕವೆತ್ತಿಸಿದರು. 2009ರಲ್ಲಿ ಪ್ರಕಟವಾದ ಫಲವಿದು: ಬಾವು ಉಲ್ಬಣಿಸಿದ್ದು ತೂಕವೆತ್ತಿದವರಲ್ಲಿ ನೂರಕ್ಕೆ 14 ಮಂದಿಗೆ, ಎತ್ತದವರಲ್ಲಿ 29 ಮಂದಿಗೆ. ಎತ್ತಿದವರ ಬಲವೂ ಹೆಚ್ಚಿತು.

ಚಿಕಿತ್ಸೆಯ ಬಳಿಕ ಅನೇಕರನ್ನು ಕಾಡುವುದು ತೀರದ ದಣಿವು. ಮಲಗಿದಷ್ಟೂ ಅದು ಹೋಗದು. ಮಿತವಾಗಿ ನಡೆದರೆ ತಗ್ಗುವುದು. 2019ರಲ್ಲಿ ಅನೇಕ ದೇಶಗಳ ತಜ್ಞರು ಕೂಡಿ ಕೊಟ್ಟ ಸಲಹೆಯಂತೆ, ವಾರಕ್ಕೆ 3 ಸಲ 30 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮವೂ 2 ಸಲ ಬಲವರ್ಧಕ ವ್ಯಾಯಾಮವೂ ದಣಿವನ್ನು, ಕಳವಳವನ್ನು, ಖಿನ್ನತೆಯನ್ನು ಇಳಿಸುತ್ತವೆ. ಬಾಳಿನ ಸುಖವನ್ನು ಹೆಚ್ಚಿಸುತ್ತವೆ.

ಇದಕ್ಕೂ ಕ್ರಮವುಂಟು. ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು. ಎಲುಬಿಗೆ ಇಲ್ಲವೆ ಹೃದಯಕ್ಕೆ ತೊಂದರೆಯಾಗಿದ್ದಲ್ಲಿ ಇದು ಇನ್ನೂ ಅವಶ್ಯ. ಇಂದು ಅಂಗಳದ ಸುತ್ತ, ನಾಳೆ ಬೀದಿಯ ಕೊನೆಯವರೆಗೆ, ಹೀಗೆ ಮೆಲ್ಲಮೆಲ್ಲನೆ ಏರಬೇಕು. ತೋಳು ಬಾತರೆ, ಕೆಂಪಾದರೆ, ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮನೆಯ ಹಿರಿಯರೆ, ಇದನ್ನು ಕೇಳಿ ಮನೆಗೆಲಸದ ಹೊರೆಯನ್ನೆಲ್ಲ ಮತ್ತೆ ಆಕೆಯ ತಲೆಗೇರಿಸಬೇಡಿರಿ. ಆಕೆಗೆ ಬೇಕಾದುದು ತನಗೆಂದೇ ಮೀಸಲಾದ ಅರ್ಧ ಗಂಟೆ, ಜೊತೆಗೆ ನಡೆಯುವ ಒಬ್ಬರು. ಪತಿಯು ಸಂಜೆ ಜೊತೆಗೆ ನಡೆಯಲಿ. ಸೊಸೆ ಅಷ್ಟು ಹೊತ್ತು ಒಲೆಯನ್ನು ನೋಡಿಕೊಳ್ಳಲಿ. ಆಕೆ ತಾನೇ ಮನಸ್ಸು ಮಾಡಿ ರೊಟ್ಟಿ ಬಡಿಯಲು ಕುಳಿತರೆ ತಡೆಯಬೇಡಿರಿ. ಕಾಯಕವೆಂದರೆ ಮನವೊಪ್ಪಿ ಮಾಡುವ ಕೆಲಸ. ಅದನ್ನು ಹೇರುವುದೂ ತಪ್ಪು, ಕಸಿಯುವುದೂ ತಪ್ಪು.

ರೋಗವು ಮರಳದೆಂಬ ಭರವಸೆಯನ್ನು ವ್ಯಾಯಾಮವು ಕೊಡಲಾರದು. ಉಳಿದ ದಿನಗಳನ್ನು ಭಯದಿಂದ ಎಣಿಸದೆ ತನ್ನ ಕಾಲ ಮೇಲೆ ತಾನು ನಿಂತು ಬಾಳುವ ಬಲವನ್ನು ಕೊಡಬಲ್ಲದು. ಆ ಬಲವನ್ನು ಆಕೆ ಮರಳಿ ಪಡೆಯುವಂತೆ ಜೊತೆಗೆ ನಡೆಯುವುದೂ ದಾಸೋಹವೇ ಸರಿ.