ಯಾವ ಜನ ಈ ಹಕ್ಕಿ?

ಮಧುಗಿರಿ ಹತ್ತಿರದ ತಿಮ್ಲಾಪುರದ ಕಾಡಂಚಿನಲ್ಲಿ ಹುಡುಗರ ಜೊತೆ ನಿಂತಿದ್ದೆ. ಎದುರಿನ ಕಾರೆ ಪೊದೆಯ ನೆತ್ತಿಯಲ್ಲಿ ಪುಟ್ಟದೊಂದು ಹಕ್ಕಿ. ಕಂದು ಬೆನ್ನು, ಬಿಳಿ ಎದೆ, ಉದ್ದ ಬಾಲ, ಕಣ್ಣಿನ ಸುತ್ತ ಕಿತ್ತಳೆ ಬಳೆ. "ಹಳದಿ ಕಣ್ಣಿನ ಹರಟೆಮಲ್ಲ" ಎಂದೆ. ದುರ್ಬೀನು ಹಿಡಿದು ನಮ್ಮ ಜೊತೆ ಬಂದಿದ್ದ ಯುವಕನೊಬ್ಬ ತಿದ್ದಿದ: "ಸಾರ್, ಅದು ಹರಟೆಮಲ್ಲ ಅಲ್ಲ. ಡಿಎನ್‌ಎ ನೋಡಿದ್ರೆ ಬೇರೆ ಕುಟುಂಬ. ನಡವಳಿಕೆ ನೋಡಿ ಗುಂಪು ಮಾಡೋ ಕಾಲ ಹೋಯ್ತು. ಈಗ ಹುಟ್ಟು ಒಂದೇ ಲೆಕ್ಕ."

ಹಕ್ಕಿಯ ಬಗ್ಗೆ ಅವನು ಹೇಳಿದ್ದು ಸರಿಯೇ. ಕೆರಳಿಸಿದ್ದು ಕೊನೆಯ ಮಾತು. ಮೂವತ್ತು ವರ್ಷ ಮೇಷ್ಟ್ರಾಗಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿಯ ಕಲಂ ತುಂಬಿದವನು ನಾನು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ದನಿ ತಗ್ಗಿಸಿ "ಯಾವ ಜನ ಆದಂಗಾಯ್ತು?" ಅನ್ನುತ್ತಾರೆ. ಅದೇ ಪ್ರಶ್ನೆ ಕಾಡಿಗೂ ಬಂದು ಹಕ್ಕಿಯ ಮುಂದೆ ನಿಂತ ಹಾಗಾಯಿತು.

ಹರಟೆಮಲ್ಲ ಎಂಬ ಹೆಸರೇ ನಡವಳಿಕೆ ನೋಡಿ ಇಟ್ಟದ್ದು. ನಮ್ಮ ಮನೆಯ ಹಿಂದಿನ ಹುಣಸೆಮರದ ಬುಡಕ್ಕೆ ಕಾಡು ಹರಟೆಮಲ್ಲಗಳ ತಂಡ ದಿನವೂ ಬರುತ್ತದೆ. ಆರೋ ಎಂಟೋ, ಕೆಲವೊಮ್ಮೆ ಹತ್ತು. ಮಣ್ಣಿನ ಬಣ್ಣ, ಮಾಸಲು ಹಳದಿ ಕೊಕ್ಕು, ಸದಾ ಸಿಟ್ಟಾದಂತೆ ಕಾಣುವ ಬಿಳಿಚು ಕಣ್ಣು. ತರಗೆಲೆ ಮಗುಚುತ್ತ, ಕುಪ್ಪಳಿಸುತ್ತ, ಒಂದೇ ಸಮ ಕಚಪಚ. ಒಂದು ಮಾತ್ರ ಮೇಲಿನ ಕೊಂಬೆಯಲ್ಲಿ ಕೂತು ಕಾವಲು ಕಾಯುತ್ತದೆ. ಹಾವು ಕಂಡರೆ ಎಲ್ಲವೂ ಸೇರಿ ಗದ್ದಲ ಎಬ್ಬಿಸುತ್ತವೆ, ಬಿಸಿಲೇರಿದಾಗ ಒತ್ತಿ ಕೂತು ಒಂದರ ಪುಕ್ಕ ಇನ್ನೊಂದು ಸವರುತ್ತವೆ. ಒಂದು ಗೂಡಿನ ಮರಿಗಳಿಗೆ ತಂಡದ ಇತರ ಹಕ್ಕಿಗಳೂ ಹುಳ ತಂದು ಕೊಡುತ್ತವೆ. ಈ ಕರ್ಕಶ ಗಂಟಲನ್ನು ಪಕ್ಷಿಶಾಸ್ತ್ರ ಹಾಡುಹಕ್ಕಿಗಳ ಗಣಕ್ಕೇ ಸೇರಿಸುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಧ್ವನಿಪೆಟ್ಟಿಗೆಯ ರಚನೆ, ಇಂಪಲ್ಲ.

ಹತ್ತೊಂಬತ್ತನೆಯ ಶತಮಾನದಿಂದ ಇಂಥ ಹಕ್ಕಿಗಳನ್ನು ಟಿಮಾಲಿಡೇ ಎಂಬ ಒಂದೇ ಕುಟುಂಬಕ್ಕೆ ತುಂಬುತ್ತ ಬಂದರು. ಮೋಟು ರೆಕ್ಕೆ, ಗಟ್ಟಿ ಕಾಲು, ಪೊದೆಯ ವಾಸ. ಬೇರೆಲ್ಲೂ ಹೊಂದದಿದ್ದರೆ ಇಲ್ಲಿಗೆ. ಆ ಬುಟ್ಟಿಯನ್ನು ಡಿಎನ್‌ಎ ಸುರಿದು ನೋಡಿತು. 2003ರಲ್ಲಿ ಆಲಿಸ್ ಸಿಬ್ವಾ ಪ್ರಕಟಿಸಿದ ಅಧ್ಯಯನ ಆ ದಾರಿಯ ದೊಡ್ಡ ಹೆಜ್ಜೆ. ಇಂದು ನಮ್ಮ ಹುಣಸೆಮರದ ತಂಡ ಲಿಯೋಥ್ರಿಕಿಡೇ ಕುಟುಂಬದಲ್ಲಿದೆ. ಕಂದು ಹೊಟ್ಟೆಯ ಪುಟ್ಟ ಹರಟೆಮಲ್ಲ ಟಿಮಾಲಿಡೇಯಲ್ಲೇ ಉಳಿದಿದೆ. ಹಳದಿ ಕಣ್ಣಿನದು ಮಾತ್ರ ಹಿಮಾಲಯ, ಚೀನಾ ಕಡೆಯ ಗಿಳಿಕೊಕ್ಕಿನ ಪುಟ್ಟ ಹಕ್ಕಿಗಳ ನೆಂಟ. ಯಾರೂ ಹರಟೆಮಲ್ಲ ಎಂದು ಕರೆಯದ, ಹಸಿರು-ಹಳದಿ ಮೈಯ ಬೆಳ್ಗಣ್ಣ ನಮ್ಮ ಹುಣಸೆಮರದ ತಂಡಕ್ಕೆ ಅದಕ್ಕಿಂತ ಹತ್ತಿರದ ಸಂಬಂಧಿ.

ಗುಂಪು ಎಂದರೇನು ಎಂಬ ಪ್ರಶ್ನೆ ಹಳೆಯದು. ಅರಿಸ್ಟಾಟಲನ ಸಾರತತ್ತ್ವ, ಎಲ್ಲ ಹಸುಗಳಲ್ಲೂ ಒಂದೇ ಹಸುತನ ಕಾಣುವ ನೈಯಾಯಿಕರ ಸಾಮಾನ್ಯ, ಅದನ್ನು ಒಪ್ಪದೆ ಹಸುವಲ್ಲದ್ದನ್ನು ಕಳೆದು ಹಸುವನ್ನು ಗುರುತಿಸುವ ಬೌದ್ಧರ ಅಪೋಹ ಎಲ್ಲವನ್ನೂ ಓದಿದ್ದೇನೆ. ಅವರ ಹಸುವಿಗೆ ಅಪ್ಪ ಅಮ್ಮ ಇಲ್ಲ. ನನಗೆ ಅಲ್ಲಿ ಆಸಕ್ತಿ ಹುಟ್ಟಲಿಲ್ಲ. ನಾನು ಎದುರಿಸಬೇಕಾದವನು ಜರ್ಮನಿಯ ವಿಲ್ಲಿ ಹೆನ್ನಿಗ್. ನೊಣಗಳ ತಜ್ಞ. 1945ರಲ್ಲಿ ಇಟಲಿಯಲ್ಲಿ ಬ್ರಿಟಿಷರ ಯುದ್ಧಕೈದಿಯಾಗಿದ್ದಾಗ ಗುಂಪು ಮಾಡುವ ತನ್ನ ನಿಯಮದ ಕರಡು ಬರೆದು, 1950ರಲ್ಲಿ ಪುಸ್ತಕವಾಗಿ ತಂದ. ಒಬ್ಬ ಪೂರ್ವಜ, ಆ ಪೂರ್ವಜನ ಅಷ್ಟೂ ಸಂತತಿ, ಇಷ್ಟು ಸೇರಿದರೆ ಮಾತ್ರ ಅದು ಗುಂಪು. ಒಂದನ್ನು ಬಿಟ್ಟರೂ, ಹೊರಗಿನ ಒಂದನ್ನು ಸೇರಿಸಿದರೂ ಅಲ್ಲ. ಆ ಯುವಕ ಹೇಳಿದ್ದು, ಅವನಿಗೆ ಗೊತ್ತೋ ಇಲ್ಲವೋ, ಹೆನ್ನಿಗನ ಮಾತನ್ನೇ.

ಈ ನಿಯಮ ಹಿಡಿದು ಹೊರಟರೆ ಮೀನು ಎಂಬ ಗುಂಪೇ ಉಳಿಯುವುದಿಲ್ಲ. ಶ್ವಾಸಕೋಶವಿರುವ ಮೀನು ಸಿರಾ ಕೆರೆಯ ಕಾಟ್ಲಾ ಮೀನಿಗಿಂತ ನಮಗೆ ಹತ್ತಿರದ ನೆಂಟ. ಮೀನನ್ನು ಗುಂಪಾಗಿ ಉಳಿಸಬೇಕಾದರೆ ನಮ್ಮನ್ನೂ ಅದರಲ್ಲಿ ಸೇರಿಸಬೇಕು. ಆದರೆ ಬಲೆ ಬೀಸುವವನಿಗೆ, ದಡದ ಕೊಕ್ಕರೆಗೆ ಮೀನು ಇದೆ. ನೀರೇ ಆ ಮೈಗಳನ್ನು ತಿದ್ದಿ ತೀಡಿ ಒಂದು ಮಾಡಿದೆ. ಪೊದೆಯೂ ಹಾಗೇ ಬೇರೆ ಬೇರೆ ವಂಶದ ಹಕ್ಕಿಗಳಿಗೆ ಒಂದೇ ಬಾಳು ಕಲಿಸಿದ್ದರೆ, ಆ ಬಾಳಿನ ಹೆಸರು ಹರಟೆಮಲ್ಲ ಏಕಾಗಬಾರದು? ಹುಟ್ಟು ಮಾತ್ರ ನಿಜ, ಬದುಕಿದ್ದು ವೇಷ ಎನ್ನುವುದು ಯಾವ ನ್ಯಾಯ? ಕನ್ನಡದಲ್ಲಿ ಯೋಚಿಸುವವನಿಗೆ ಈ ವಾದ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಶರಣರೂ ದಾಸರೂ ಕುಲ ಕೇಳುವವರ ವಿರುದ್ಧ ನುಡಿದವರು.

ಇಷ್ಟು ಬರೆದು ಒಂದು ವಾರ ಬಿಟ್ಟು ಓದಿದಾಗ ನನ್ನ ವಾದದ ತಪ್ಪು ಕಾಣಿಸಿತು. ಜಾತಿ ಹೇಳುವುದು ಹುಟ್ಟನ್ನಷ್ಟೇ ಅಲ್ಲ. ಹುಟ್ಟಿನಿಂದ ಗುಣ ಬರುತ್ತದೆ, ಗುಣದಿಂದ ಮೇಲುಕೀಳು ಬರುತ್ತದೆ ಎಂದು. ಹೆನ್ನಿಗನ ಮರದಲ್ಲಿ ಮೇಲುಕೀಳಿಲ್ಲ. ಹೋಲುವವರೆಲ್ಲ ಒಂದೇ ಬಸಿರಿನವರಲ್ಲ, ನೆಂಟರೆಲ್ಲ ಹೋಲುವುದೂ ಇಲ್ಲ ಎಂದು ತೋರಿಸಿ, ಹುಟ್ಟಿಗೂ ಗುಣಕ್ಕೂ ಇದ್ದ ಗಂಟನ್ನು ಅವನೇ ಸಡಿಲಿಸಿದ. ಜಾತಿಯ ಕಲಂ ತುಂಬಿದ ನನ್ನ ಕೈಯ ನೋವನ್ನು ಅವನ ಮೇಲೆ ಹೊರಿಸಿದ್ದು ತಪ್ಪು.

ಹಾಗಾದರೆ ಬಾಳುವೆಯ ಪರವಾಗಿ ನಾನು ಹೂಡಿದ ವಾದವಾದರೂ ಗಟ್ಟಿಯೇ? ಅಲ್ಲೂ ಬಿರುಕಿದೆ. ಒಂದು ಮಳೆಗಾಲ ಅದೇ ಹುಣಸೆಮರದಲ್ಲಿ ಹರಟೆಮಲ್ಲಗಳು ಚಾತಕದ ಮರಿಗೆ ಉಣಿಸುವುದನ್ನು ಕಂಡೆ. ಚಾತಕ ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಇಬ್ಬರದೂ ನೀಲಿ ಮೊಟ್ಟೆ. ಆ ಮರಿ ಕಣ್ಣು ಬಿಟ್ಟಿದ್ದು ಆ ತಂಡದ ನಡುವೆ, ತಿಂದದ್ದು ಅವು ತಂದ ಹುಳು, ಕೇಳಿದ್ದು ಹಗಲೆಲ್ಲ ಅವುಗಳ ಕಚಪಚ. ಆದರೂ ಬೆಳೆದ ಚಾತಕ ಕೂಗುವುದು ಚಾತಕದ ಕೂಗನ್ನೇ, ತಂಡದಲ್ಲಿ ಉಳಿಯುವುದೂ ಇಲ್ಲ. ಸಾಕಿದ ಮನೆ ಅದರ ಗಂಟಲನ್ನು ಮುಟ್ಟಲಿಲ್ಲ.

ನನ್ನ ಗಂಟಲನ್ನು ಮುಟ್ಟಿದೆ. ನಾನು ಹುಟ್ಟಿದ್ದು ಪಾವಗಡ ಸೀಮೆಯಲ್ಲಿ, ಸುತ್ತ ಬಹುಪಾಲು ಆಂಧ್ರ. ಅವ್ವ ಜೋಗುಳ ಹಾಡಿದ್ದು ತೆಲುಗಿನಲ್ಲಿ. ಇಂದು ಕನಸು ಬೀಳುವುದೂ ಕನ್ನಡದಲ್ಲಿ. ಜನಗಣತಿಯವರು ಮಾತೃಭಾಷೆ ಕೇಳಿದಾಗ ತೆಲುಗು ಎಂದು ಬರೆಸಿದೆ. ಅದು ಸುಳ್ಳಲ್ಲ. ಆದರೆ ಅದೊಂದೇ ನಿಜ ಎಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಮನುಷ್ಯನ ವಿಷಯ ಬೇರೆ ಎಂದು ಇಲ್ಲಿ ತಪ್ಪಿಸಿಕೊಳ್ಳಬಹುದು. ಹಾಗೆ ಅಂದರೆ ಹಕ್ಕಿಯನ್ನು ಹಿಡಿದು ಇಷ್ಟು ದೂರ ವಾದಿಸಿದ್ದು ಯಾತಕ್ಕೆ?

ಇನ್ನೂ ಒಂದಿದೆ, ಹೇಳಲು ಮನಸ್ಸಿಲ್ಲದ್ದು. ತಮ್ಮದಲ್ಲದ ಮರಿಗೆ ಹುಳ ತರುವ ಆ ತಂಡವನ್ನು ಕೂಡಿಬಾಳುವ ಗುಣಕ್ಕೆ ಉದಾಹರಣೆಯಾಗಿ ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೇನೆ. ಹೊರಗಿನಿಂದ ಬಂದು ಸೇರುವ ಹಕ್ಕಿಗಳೂ ಇರುತ್ತವೆ, ನಿಜ. ಆದರೆ ತಂಡದಲ್ಲಿ ಬಹುಪಾಲು ಒಂದೇ ರಕ್ತದವು: ಅಣ್ಣ, ಅಕ್ಕ, ಚಿಕ್ಕಪ್ಪ. ನೆಂಟರ ಮರಿ ಬದುಕಿದರೆ ತನ್ನದೂ ಒಂದು ಪಾಲು ಬದುಕುತ್ತದೆ ಎಂಬ ಲೆಕ್ಕವನ್ನು ವಿಲಿಯಂ ಹ್ಯಾಮಿಲ್ಟನ್ 1964ರಲ್ಲೇ ಬರೆದಿಟ್ಟ. ಹುಟ್ಟಿನ ಎದುರು ನಾನು ನಿಲ್ಲಿಸಿದ ನಡತೆಯನ್ನು ಕಟ್ಟಿದ್ದರಲ್ಲಿ ಹುಟ್ಟಿನದೂ ಕೈಯಿದೆ. ಅಲ್ಲಿ ಬೆಳೆದ ಪರಕೀಯ ಮರಿಯೊಂದೇ, ಅದೂ ಮೋಸದಿಂದ.

ನಾನು ಕಂಡ ಹಕ್ಕಿಗಳನ್ನು ಬರೆದಿಡುವ ನೋಟುಪುಸ್ತಕದಲ್ಲಿ ಊರು, ತಾರೀಖು, ಹೆಸರು, ಕುಟುಂಬ ಎಂದು ನಾಲ್ಕು ಕಲಂ ಇವೆ. ತಿಮ್ಲಾಪುರದ ಆ ದಿನದ ಸಾಲಿನಲ್ಲಿ ಹೆಸರು ಹಳದಿ ಕಣ್ಣಿನ ಹರಟೆಮಲ್ಲ ಎಂದೇ ಇದೆ, ಹೊಡೆದು ಹಾಕಿಲ್ಲ. ಕುಟುಂಬ ಯಾವುದೆಂದು ಈಗ ಗೊತ್ತು, ಅದು ಸರಿ ಎಂದೂ ಒಪ್ಪಿದ್ದೇನೆ. ಎರಡು ಸಲ ಪೆನ್ನು ತೆಗೆದು ಕೂತೆ. ಆ ಕಲಂ ಇನ್ನೂ ಖಾಲಿ ಇದೆ.