ಸೋಸುವುದಷ್ಟೇ ಸಾಲದು

ಡಯಾಲಿಸಿಸ್ ಮಾಡಿಸಿಕೊಳ್ಳುವವರ ತೋಳಿನಲ್ಲಿ ಚರ್ಮದಡಿ ಉಬ್ಬಿದ ರಕ್ತನಾಳವೊಂದು ಕಾಣುತ್ತದೆ. ಫಿಸ್ಟುಲಾ ಎನ್ನುತ್ತಾರೆ. ಬೆರಳಿಟ್ಟರೆ ಝುಮ್ಮೆನ್ನುವ ಅದುರು. ಅದು ನಿಂತರೆ ಆಸ್ಪತ್ರೆಗೆ ಓಡಬೇಕು. ಕಡ್ಡಿರಾಂಪುರದಂಥ ಊರಿನಿಂದ ವಾರಕ್ಕೆ ಎರಡೋ ಮೂರೋ ಸಲ ಹೊಸಪೇಟೆಗೆ ಹೋಗಿ ನಾಲ್ಕು ತಾಸು ಮಲಗಿ ಬರುವವರಿಗೆ ದುಡಿಮೆಯ ದಿನ ಕೈಬಿಡುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲೂ ನೀರನ್ನು ಲೋಟದಲ್ಲಿ ಅಳೆದೇ ಕುಡಿಯಬೇಕು.

1943ರಲ್ಲಿ ನೆದರ್ಲೆಂಡ್ಸಿನ ವೈದ್ಯ ವಿಲೆಮ್ ಕೋಲ್ಫ್ ಶುರುಮಾಡಿದ ಈ ಚಿಕಿತ್ಸೆ ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ. ಆದರೂ ಯಂತ್ರ ಸೋಸುತ್ತದೆ, ಅಷ್ಟೇ. ಮೂತ್ರಪಿಂಡ ಸೋಸಿದ್ದರಲ್ಲೇ ಬೇಕಾದ್ದನ್ನು ಹೆಕ್ಕಿ ರಕ್ತಕ್ಕೆ ಮರಳಿಸುತ್ತದೆ, ಕೆಂಪು ರಕ್ತಕಣ ಹುಟ್ಟಿಸುವ ಹಾರ್ಮೋನು ತಯಾರಿಸುತ್ತದೆ, ಡಿ ವಿಟಮಿನ್ನನ್ನು ಮೂಳೆಗೆ ಒದಗುವಂತೆ ಮಾಡುತ್ತದೆ. ಇದೆಲ್ಲ ಜೀವಕೋಶ ಮಾತ್ರ ಬಲ್ಲ ಕೆಲಸ.

ಹಾಗಾದರೆ ಜೀವಕೋಶವನ್ನೇ ಯಂತ್ರದೊಳಗೆ ಸಾಕಿದರೆ? ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಡೇವಿಡ್ ಹ್ಯೂಮ್ಸ್ ಅವರ ತಂಡ ಅದನ್ನೇ ಮಾಡಿತು. ಕಸಿಗೆಂದು ದಾನವಾಗಿ ಬಂದು, ಕಸಿಗೆ ಒದಗದೆ ಹೋದ ಮೂತ್ರಪಿಂಡಗಳ ಜೀವಕೋಶಗಳನ್ನು ಟೊಳ್ಳು ಎಳೆಗಳ ಒಳಗೋಡೆಯಲ್ಲಿ ಬೆಳೆಸಿ ಡಯಾಲಿಸಿಸ್ಸಿಗೆ ಜೋಡಿಸಿತು. ಈ ವಿಷಯ ನನ್ನನ್ನು ಬಹಳ ಕಾಡುತ್ತದೆ. ಸಾವಿನ ಮನೆಯಲ್ಲಿ ಯಾರೋ ಕೊಟ್ಟ ಒಪ್ಪಿಗೆ ವ್ಯರ್ಥವಾಗಲಿಲ್ಲ. ಇಡೀ ಅಂಗ ಸೋತರೂ ಅದರ ಒಂದಿಷ್ಟು ಕೋಶಗಳು ದೇಹದ ಹೊರಗೆ, ಗುರುತೇ ಇಲ್ಲದವರಿಗಾಗಿ ದುಡಿದವು.

ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸುವ ಪ್ರಯತ್ನ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಕಟ್ಟಿದ ಪ್ಯಾಂಡೋರಮ್ ಟೆಕ್ನಾಲಜೀಸ್ 2015ರಲ್ಲಿ ಲಿವರ್ ಅಂಗಾಂಶವನ್ನು ಮುದ್ರಿಸಿ ಬೆಳೆಸಿತು. ಅದರ ಮೊದಲ ಉದ್ದೇಶ ಔಷಧಗಳ ಪರೀಕ್ಷೆ. ಇಡೀ ಅಂಗದ ದಾರಿ ಇನ್ನೂ ದೂರವಿದೆ.

ಯಾಕೆ ದೂರ ಎಂಬುದು ತುಂಗಭದ್ರೆಯ ಅಚ್ಚುಕಟ್ಟಿನವರಿಗೆ ಬೇಗ ಅರ್ಥವಾದೀತು. ಕಾಲುವೆಗೆ ನೀರು ಬಿಟ್ಟರೂ ಕೊನೆ ಭಾಗದ ಗದ್ದೆ ಒಣಗುವುದುಂಟು. ರಕ್ತನಾಳದಿಂದ ಆಮ್ಲಜನಕ ತಾನಾಗಿ ಹರಡಿ ತಲುಪುವುದು ಹೆಚ್ಚೆಂದರೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದೂರ. ಅದರಾಚೆಯ ಕೋಶ ಸಾಯುತ್ತದೆ. ಕೋಶಗಳನ್ನು ಸಾಕುವ ಯಂತ್ರವಾದ ಬಯೋರಿಯಾಕ್ಟರಿನ ಪಂಪು, ಎಳೆ, ಹದವಾದ ಬಿಸಿ ಎಲ್ಲವೂ ಕಟ್ಟಕಡೆಯ ಕೋಶಕ್ಕೂ ಉಸಿರು ಮುಟ್ಟಿಸಲೆಂದೇ ಇರುವ ಏರ್ಪಾಡು.

ಸೋಲೂ ಆಗಿದೆ. ಸೋತ ಲಿವರಿಗೆ ಕೆಲವು ದಿನದ ಆಸರೆ ಕೊಟ್ಟರೆ ಅದು ಚೇತರಿಸಿಕೊಂಡೀತೆಂದು ಜೀವಕೋಶ ತುಂಬಿದ ಕೊಳವೆಗಳ ಮೂಲಕ ರೋಗಿಯ ಪ್ಲಾಸ್ಮಾ ಹಾಯಿಸುವ 'ಇಲ್ಯಾಡ್' ಎಂಬ ವ್ಯವಸ್ಥೆ ಬಂತು. 2018ರ ದೊಡ್ಡ ಪರೀಕ್ಷೆಯಲ್ಲಿ ಅದು ರೋಗಿಗಳ ಆಯುಷ್ಯ ಹೆಚ್ಚಿಸಲಿಲ್ಲ. ಆಸೆಯಿಟ್ಟು ಕಾದಿದ್ದ ಮನೆಗಳನ್ನು ನೆನೆದರೆ ಸಂಕಟವಾಗುತ್ತದೆ. ಆದರೂ ಬದಲಿ ಅಂಗ ಸಿಗುವತನಕ, ಅಥವಾ ಲಿವರ್ ತಾನೇ ಚಿಗುರುವತನಕ, ಜೀವಕ್ಕೆ ಬಿಡುವು ದೊರಕಿಸುವ ಯೋಚನೆ ಕೈಬಿಡುವಂಥದ್ದಲ್ಲ ಎಂದೇ ನನಗನ್ನಿಸುತ್ತದೆ.

ಇಂಥ ಸಾಧನ ಸಿದ್ಧವಾದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಕೋಶಗಳನ್ನು ಹಗಲಿರುಳು ಸಾಕುವವರು ಯಾರು? ಹ್ಯೂಮ್ಸ್ ತಂಡ ಇದನ್ನೂ ಯೋಚಿಸಿದೆ. ಕೋಶಗಳ ಸಮೇತ ಹೆಪ್ಪುಗಟ್ಟಿಸಿಟ್ಟು, ದೂರಕ್ಕೆ ಸಾಗಿಸಿ, ಬೇಕಾದಾಗ ಕರಗಿಸಿ ಬಳಸಬಹುದಾದ ಚಿಕ್ಕ ಸಾಧನವೊಂದನ್ನು ರೂಪಿಸಿ ಪ್ರಾಣಿಗಳ ಮೇಲೆ ಪರೀಕ್ಷಿಸಿದೆ. ಹೊಸಪೇಟೆಯ ಡಯಾಲಿಸಿಸ್ ಹಾಸಿಗೆಯ ಪಕ್ಕಕ್ಕೆ ಎಂದಾದರೂ ಬರುವುದಿದ್ದರೆ ಅಂಥದ್ದೇ ಬರಬೇಕು.